ಕಲ್ಲುಸಕ್ಕರೆಯಂಥ ಲೋಹ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹಾರುವ ಎಟಿಆರ್ ವಿಮಾನದಲ್ಲಿ ನನಗೆ ಸಿಕ್ಕಿದ್ದು ರೆಕ್ಕೆಯ ಬುಡದ ಕಿಟಕಿ. ಕೈ ಚಾಚಿದರೆ ಎಟುಕೀತೇನೋ ಎಂಬಷ್ಟು ಹತ್ತಿರದಲ್ಲಿ ಆರು ಅಲಗಿನ ಪ್ರೊಪೆಲ್ಲರ್. ಮೊದಲು ನಿಧಾನಕ್ಕೆ ಒಂದು ಸುತ್ತು, ಎರಡು ಸುತ್ತು. ನೋಡನೋಡುತ್ತಿದ್ದಂತೆ ಅಲಗುಗಳೆಲ್ಲ ಕರಗಿ ಬರೀ ಒಂದು ಮಸುಕು ಬಿಲ್ಲೆ ಉಳಿಯಿತು. ಆ ಬಿಲ್ಲೆಯ ಹಿಂದೆ, ಲೋಹದ ಚಿಪ್ಪಿನೊಳಗೆ, ಸುಮಾರು ಎರಡೂವರೆ ಸಾವಿರ ಅಶ್ವಶಕ್ತಿಯ ಎಂಜಿನ್ ಉರಿಯುತ್ತಿತ್ತು. ಅದನ್ನು ಮಾಡಿದ್ದು ಪ್ರ್ಯಾಟ್ ಆ್ಯಂಡ್ ವಿಟ್ನಿ ಕೆನಡಾ ಕಂಪನಿ. ವಿಮಾನ ಫ್ರಾನ್ಸ್, ಇಟಲಿಗಳ ಜಂಟಿ ಕಂಪನಿಯದು. ಇಳಿಯುವ ನೆಲ ಮಾತ್ರ ನಮ್ಮದು, ನಿಲ್ದಾಣಕ್ಕೆ ಇಟ್ಟ ಹೆಸರು ಕುವೆಂಪು ಅವರದು.

ಸೋಗಾನೆಯ ಈ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ನಮ್ಮ ಕಾಲದಲ್ಲಿ ಊರಿಗೆ ಹೊರಡುವುದೆಂದರೆ ರಾತ್ರಿ ಬಸ್ಸು, ತರೀಕೆರೆ ದಾಟುವಾಗ ಕಿಟಕಿಯಿಂದ ನುಗ್ಗುವ ಚಳಿ, ಭದ್ರಾವತಿಯಲ್ಲಿ ಕಣ್ಣುಜ್ಜಿಕೊಂಡು ಎದ್ದು ಕೂರುವುದು. ಈಗ ಒಂದು ತಾಸಿನ ದಾರಿ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಮೇಲೆ ಚಕ್ರ ತಾಗಿದಾಗ ಪಕ್ಕದ ಸೀಟಿನ ಅಜ್ಜಿಯೊಬ್ಬರು ಎರಡೂ ಕೈ ಜೋಡಿಸಿದರು. ನನಗೂ ಕೈ ಮುಗಿಯಬೇಕೆನ್ನಿಸಿತು, ಆ ಎಂಜಿನ್ ಮಾಡಿದವರಿಗೆ. ಅದರ ಜೊತೆಗೇ ಒಂದು ಪ್ರಶ್ನೆಯೂ ಎದ್ದಿತು. ಇಂಥದ್ದೊಂದು ಎಂಜಿನ್ ಮಾಡಲು ಏನು ಬೇಕು? ಯಾರು ಬೇಕು? ಮೂರು ದಿನದ ನನ್ನ ತಿರುಗಾಟವೆಲ್ಲ ಆ ಪ್ರಶ್ನೆಯ ಬೆನ್ನಿಗೇ ನಡೆಯಿತು.

ನಿಲ್ದಾಣದಿಂದ ನೇರ ಅಕ್ಕನ ಮನೆಗೆ ಹೋಗಲಿಲ್ಲ. ಕಾರು ಭದ್ರಾವತಿಯ ಕಡೆ ತಿರುಗಿತು. ದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಅಲ್ಲಿನ ಎರಕದ ಕಾರ್ಖಾನೆಗಳ ಎದುರು ಲಾರಿಗಳ ಸಾಲು, ಸುಟ್ಟ ಮರಳಿನ ವಾಸನೆ. ಭದ್ರಾವತಿ ನನಗೆ ಸೋದರಮಾವನ ಊರು. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ಕಾದ ಉಕ್ಕನ್ನು ಬಡಿದು ರೂಪ ಕೊಡುವ ವಿಭಾಗದಲ್ಲಿದ್ದರು. ಬೇಸಿಗೆ ರಜೆಗೆ ಹೋದಾಗ ಪಾಳಿ ಮುಗಿಸಿ ಬರುವ ಅವರ ಅಂಗಿಯ ತೋಳಿನಲ್ಲಿ ಸಣ್ಣ ಸಣ್ಣ ಸುಟ್ಟ ತೂತುಗಳಿರುತ್ತಿದ್ದವು. ಅತ್ತೆ ಅವನ್ನು ಎಣಿಸುತ್ತಾ ಬೈಯುತ್ತಿದ್ದರು. ಮಾವ ನಗುತ್ತಾ ನನಗೆ ಬಣ್ಣದ ಪಾಠ ಹೇಳುತ್ತಿದ್ದರು: "ನೋಡೋ ಪುಟ್ಟಾ, ಕಬ್ಬಿಣ ಕೆಂಡದ ಕೆಂಪಿದ್ದಾಗ ಬಡೀಬಾರದು, ಬಿರುಕು ಬಿಡುತ್ತೆ. ಹಲಸಿನ ತೊಳೆ ಬಣ್ಣಕ್ಕೆ ಬರೋ ತನಕ ಕಾಯಬೇಕು." ಆ ವಯಸ್ಸಿನಲ್ಲಿ ನನಗೆ ಹಲಸಿನ ತೊಳೆ ಮಾತ್ರ ನೆನಪಿನಲ್ಲಿ ನಿಂತಿತು. ಕಾಯಬೇಕು ಎಂಬ ಮಾತಿನ ತೂಕ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಈ ಊರಿಗೆ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಮುಂದಾಯಿತು. 1923ರಲ್ಲಿ ಊದುಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತೇವೆಂದರೆ ನಂಬದವರೇ ಹೆಚ್ಚಿದ್ದರು. ಮೊದಲ ವರ್ಷಗಳು ನಷ್ಟದಲ್ಲೇ ಹೋದವು. ಆಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಿಂತು ಕಾರ್ಖಾನೆಯನ್ನು ದಡ ಸೇರಿಸಿದರು. ಮುಂದೆ ಅದು ಮಿಶ್ರಲೋಹದ ಉಕ್ಕಿಗೆ, ವಿಶೇಷ ಉಕ್ಕಿಗೆ ಹೆಸರಾಯಿತು. ಅವರದೇ ಹೆಸರನ್ನೂ ಹೊತ್ತಿತು.

ಆ ಕಾರ್ಖಾನೆಯ, ಅಂದರೆ ವಿಐಎಸ್‌ಎಲ್‌ನ, ಗೇಟಿನೆದುರು ನಿಂತಾಗ ಮಧ್ಯಾಹ್ನ. ಮಾವ ಹೇಳುತ್ತಿದ್ದ ಪಾಳಿ ಬದಲಾಗುವ ಗದ್ದಲದ ನೆರಳೂ ಇರಲಿಲ್ಲ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು, ಊರೇ ಅವರ ಜೊತೆ ನಿಂತಿತು. ಲಾಭ ನಷ್ಟದ ಲೆಕ್ಕ ಬಲ್ಲವರು ಅದನ್ನು ಹೇಳಲಿ. ನಾನು ಆ ಗೇಟಿನ ಮುಂದೆ ಯೋಚಿಸಿದ್ದು ಬೇರೆಯದನ್ನು. ಬಣ್ಣ ನೋಡಿ ಉಕ್ಕಿನ ಹದ ಹೇಳುವ ಕಣ್ಣು ಎಲ್ಲಿಂದ ಬರುತ್ತದೆ? ಒಂದು ಪುಸ್ತಕದಿಂದಲ್ಲ, ಒಂದು ಆದೇಶದಿಂದಲೂ ಅಲ್ಲ. ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ, ಬಿಡದೆ ನಡೆದ ಕಸುಬಿನಿಂದ ಬರುತ್ತದೆ. ನಡುವೆ ಒಂದು ತಲೆಮಾರು ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಸಂಜೆ ಶಿವಮೊಗ್ಗ. ಅಕ್ಕನ ಮನೆ ಸವಳಂಗ ರಸ್ತೆಯಲ್ಲಿ. ರೈಲ್ವೆ ಗೇಟಿನಲ್ಲಿ ಕಾದು ಕಾದು ಸಾಕಾಗಿದ್ದ ಜಾಗದಲ್ಲಿ ಈಗ ಮೇಲ್ಸೇತುವೆ ಎದ್ದಿದೆ. ಅದನ್ನು ದಾಟಿ ನವುಲೆಯ ಕಡೆ ಹೊರಟರೆ ರಸ್ತೆಯ ಗುಣವೇ ಬದಲಾಗುತ್ತದೆ. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಆವರಣ, ಕ್ರಿಕೆಟ್ ಮೈದಾನ, 1980ರಲ್ಲಿ ಶುರುವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು. ಊರಿನವರ ಬಾಯಲ್ಲಿ ಅದು ಜೆಎನ್‌ಎನ್‌ಸಿಇ. ಸಂಜೆ ಐದರ ಹೊತ್ತಿಗೆ ಚಹಾದ ಅಂಗಡಿಗಳ ಮುಂದೆ ಬ್ಯಾಗು ಹೊತ್ತ ಹುಡುಗ ಹುಡುಗಿಯರ ಗುಂಪು, ಬೈಕುಗಳ ಸಾಲು, ಬಾಣಲೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ ಬಜ್ಜಿಯ ಘಮ.

ನಮ್ಮ ಭಾವ ಮೆಕ್ಯಾನಿಕಲ್ ಎಂಜಿನಿಯರು. ಬೆಂಗಳೂರಿನ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಇಲ್ಲಿಗೆ ಬಂದವರು. ವಿಮಾನದ ಎಂಜಿನ್ನಿನ ಮಾತೆತ್ತಿದ್ದೇ ತಡ, ಅವರ ಮುಖ ಅರಳಿತು. ಅಡುಗೆಮನೆಯತ್ತ ತಿರುಗಿ, "ಸಂಕ್ರಾಂತಿದು ಸಕ್ಕರೆ ಅಚ್ಚು ಉಳಿದಿದೆಯಾ ನೋಡು, ಒಂದು ತುಂಡು ಕಲ್ಲುಸಕ್ಕರೆನೂ ತಾ" ಎಂದರು. ಅಕ್ಕ ತಟ್ಟೆಯಲ್ಲಿ ಎರಡನ್ನೂ ತಂದಿಟ್ಟಳು.

ಭಾವ ಸಕ್ಕರೆ ಅಚ್ಚಿನ ಆನೆಯ ಸೊಂಡಿಲನ್ನು ಎರಡು ಬೆರಳಲ್ಲಿ ಒತ್ತಿದರು. ಪಟ್ಟೆಂದು ಮುರಿಯಿತು. ಮುರಿದ ಕಡೆ ನನ್ನ ಕಣ್ಣ ಹತ್ತಿರ ಹಿಡಿದರು. ಬೆಳ್ಳಗೆ, ಪುಡಿಪುಡಿಯಾಗಿ, ಸಾವಿರಾರು ಸಣ್ಣ ಕಾಳು ಒಂದಕ್ಕೊಂದು ಅಂಟಿಕೊಂಡಿದ್ದು ಕಾಣಿಸಿತು. ಆಮೇಲೆ ಕಲ್ಲುಸಕ್ಕರೆಯ ಒಂದು ಹರಳನ್ನು ದೀಪಕ್ಕೆ ಹಿಡಿದರು. ಒಳಗೆ ಎಲ್ಲೂ ಗೆರೆಯಿಲ್ಲ. ಬೆಳಕು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹಾದುಹೋಯಿತು.

"ಎರಡೂ ಸಕ್ಕರೆನೇ. ಒಂದು ಕಾಳುಕಾಳು, ಇನ್ನೊಂದು ಒಂದೇ ಹರಳು. ಸಾಮಾನ್ಯ ಎರಕದ ಲೋಹ ಈ ಆನೆ ಥರ. ಕಾಳಿಗೂ ಕಾಳಿಗೂ ನಡುವೆ ಸಂದು ಇರುತ್ತೆ. ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ. ಸಾವಿರ ಡಿಗ್ರಿ ದಾಟಿಸಿ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿಸಿ ಜಗ್ಗಿದರೆ ಆ ಸಂದುಗಳೇ ಜಾರೋಕೆ ಶುರುವಾಗ್ತವೆ. ಅಲಗು ಕೂದಲೆಳೆಯಷ್ಟು ಉದ್ದ ಆದರೂ ಸಾಕು ಮಾರಾಯ, ಹೊರಗಿನ ಕವಚಕ್ಕೆ ಉಜ್ಜಿ ಎಂಜಿನ್ನೇ ಹೋಯ್ತು. ಅದಕ್ಕೇ ಟರ್ಬೈನಿನ ಅಲಗನ್ನ ಕಲ್ಲುಸಕ್ಕರೆ ಥರ ಒಂದೇ ಹರಳಾಗಿ ಬೆಳೆಸೋದು."

ಬೆಳೆಸುವುದು ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಿಜಕ್ಕೂ ಅದು ಬೆಳೆಸುವ ಕೆಲಸವೇ. ಪಂಚಲೋಹದ ವಿಗ್ರಹ ಎರೆಯುವವರು ಮಾಡುವಂತೆ ಮೊದಲು ಮೇಣದಲ್ಲಿ ಅಲಗನ್ನು ಮಾಡುತ್ತಾರೆ. ಅದರ ಮೇಲೆ ಪಿಂಗಾಣಿಯಂಥ ಪದರ ಕಟ್ಟುತ್ತಾರೆ. ಮೇಣ ಕರಗಿಸಿ ತೆಗೆದು, ನಿಕ್ಕಲ್ ಮಿಶ್ರಲೋಹದ ರಸವನ್ನು ನಿರ್ವಾತದಲ್ಲಿ ಹುಯ್ಯುತ್ತಾರೆ. ಆಮೇಲೆ ಅಚ್ಚನ್ನು ಕುಲುಮೆಯ ಬಿಸಿಯಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಳಗಿಳಿಸುತ್ತಾರೆ. ಅಚ್ಚಿನ ಬುಡದಲ್ಲಿ ಜಡೆಯಂತೆ ಸುರುಳಿ ಸುತ್ತಿದ ಸಣ್ಣ ದಾರಿಯೊಂದಿರುತ್ತದೆ. ಹೆಪ್ಪುಗಟ್ಟುತ್ತಾ ಮೇಲೇರುವ ಹಲವು ಹರಳುಗಳಲ್ಲಿ ಒಂದೇ ಒಂದು ಆ ಸುರುಳಿ ದಾಟಿ ಮೇಲೆ ಬರುತ್ತದೆ. ಇಡೀ ಅಲಗು ಆ ಒಂದು ಹರಳಿನ ಸಂತಾನ. ಇಷ್ಟಾದ ಮೇಲೂ ಅದು ಬರಿಮೈಯಲ್ಲಿ ಬೆಂಕಿಗೆ ನಿಲ್ಲಲಾರದು. ಈ ಕಾಲದ ಎಂಜಿನ್ನುಗಳಲ್ಲಿ ಅಲಗಿಗೆ ಬಡಿಯುವ ಅನಿಲದ ಶಾಖ ಆ ಲೋಹ ಕರಗುವ ಶಾಖಕ್ಕಿಂತ ಹೆಚ್ಚು. ಆದ್ದರಿಂದ ಅಲಗಿನ ಹೊಟ್ಟೆಯೊಳಗೆ ಗಾಳಿಯ ಕಾಲುವೆ ಕೊರೆದು, ಮೈಮೇಲೆಲ್ಲ ಸಣ್ಣ ರಂಧ್ರ ಮಾಡಿ, ತಂಪು ಗಾಳಿಯ ತೆಳುಪೊರೆ ಹೊದಿಸುತ್ತಾರೆ. ಒಲೆಯೊಳಗಿನ ಮಂಜುಗಡ್ಡೆ ಕರಗದಂತೆ ಕಾಯುವ ಕೆಲಸವದು.

ಈ ವಿದ್ಯೆ ಒಬ್ಬನ ತಲೆಯಿಂದ ಹುಟ್ಟಿದ್ದಲ್ಲ. ಜೆಟ್ ಎಂಜಿನ್ ಎಂದೊಡನೆ ನಾವು ಫ್ರಾಂಕ್ ವಿಟಲ್ ಹೆಸರು ಹೇಳುತ್ತೇವೆ. 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆ ಬ್ರಿಟಿಷ್ ಯುವಕ 1935ರಲ್ಲಿ ಐದು ಪೌಂಡ್ ಶುಲ್ಕ ಕಟ್ಟಲಾಗದೆ ಅದನ್ನು ಕಳೆದುಕೊಂಡ. 1937ರ ಏಪ್ರಿಲ್ 12ರಂದು ಅವನ ಎಂಜಿನ್ ಮೊದಲ ಸಲ ತಿರುಗಿತು. ಅದು ವಿಮಾನವನ್ನು ಹಾರಿಸಿದ್ದು 1941ರ ಮೇ 15ರಂದು. ನಡುವಿನ ನಾಲ್ಕು ವರ್ಷ ತುಂಬಿದವರು ಅವನ ಸಣ್ಣ ತಂಡದ ಮೆಕ್ಯಾನಿಕ್‌ಗಳು, ಜ್ವಾಲೆ ಆರದಂತೆ ಇಂಧನ ಸಿಂಪಡಿಸುವ ಬಗೆಯನ್ನು ಕೊಟ್ಟ ಐಸಾಕ್ ಲಬಕ್, ಶಾಖಕ್ಕೆ ಜಗ್ಗದ ನಿಕ್ಕಲ್ ಮಿಶ್ರಲೋಹವನ್ನು ಕಂಡುಹಿಡಿದ ಲೋಹತಜ್ಞರು. ಅತ್ತ ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ಅವರ ಎಂಜಿನ್ ಅದಕ್ಕೂ ಮೊದಲೇ, 1939ರ ಆಗಸ್ಟ್ 27ರಂದು ಹಾರಿತ್ತು. ಇನ್ನೂ ಹಿಂದೆ ಹೋದರೆ ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ ಇದ್ದ. 1903ರ ವಿಮಾನಕ್ಕೆ ಆರು ವಾರಗಳಲ್ಲಿ ಎಂಜಿನ್ ಕಟ್ಟಿಕೊಟ್ಟವನು ಅವನು. ಹಾರಿದವರ ಹೆಸರು ಜಗತ್ತಿಗೆಲ್ಲ ಗೊತ್ತು. ಲೇತಿನ ಮುಂದೆ ನಿಂತವನ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮ ನಾಡಿನ ಕಥೆಯಲ್ಲೂ ಇಂಥದೇ ಮರೆತ ಹೆಸರಿನ ಒಂದು ರಸ್ತೆಯಿದೆ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಜನರಿಗೆ ಆ ಹೆಸರು ಯಾರದೆಂದು ತಿಳಿದಿರಲಿಕ್ಕಿಲ್ಲ. 1961ರ ಜೂನ್ 17ರಂದು ಎಚ್‌ಎಎಲ್‌ನ ಮಾರುತ ಯುದ್ಧವಿಮಾನವನ್ನು ಮೊದಲ ಬಾರಿ ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲೇ ಪ್ರಾಣ ಬಿಟ್ಟರು. ಮಾರುತದ ಮೈಕಟ್ಟು ಸೊಗಸಾಗಿತ್ತು, ಎಂಜಿನ್ನಿನ ಬಲ ಸಾಲಲಿಲ್ಲ. ತಕ್ಕ ಎಂಜಿನ್ನಿಗಾಗಿ ದೇಶ ದೇಶ ಅಲೆದರೂ ಸಿಗಲಿಲ್ಲ. ಅದೇ 1960ರ ದಶಕದಲ್ಲಿ ಎಚ್‌ಎಎಲ್ ಎಂಜಿನಿಯರುಗಳು ಎಚ್‌ಜೆಇ-2500 ಎಂಬ ಜೆಟ್ ಎಂಜಿನ್ನನ್ನು ತಾವೇ ವಿನ್ಯಾಸ ಮಾಡಿದ್ದರು. ಅದು ಕೂರಬೇಕಿದ್ದ ಕಿರಣ್ ತರಬೇತಿ ವಿಮಾನಕ್ಕೆ ಕೊನೆಗೆ ಕೂತದ್ದು ಬ್ರಿಟಿಷ್ ಎಂಜಿನ್. ಕಲಿತ ಕೈಗಳು ಬೇರೆ ಕೆಲಸಕ್ಕೆ ಹೋದವು, ಎಳೆ ಅಲ್ಲಿಗೆ ತುಂಡಾಯಿತು.

ಸುರಂಜನ್ ದಾಸ್ ರಸ್ತೆಯ ಆಸುಪಾಸಿನಲ್ಲೇ, ಸಿ.ವಿ. ರಾಮನ್ ನಗರದಲ್ಲಿ, ಜಿಟಿಆರ್‌ಇ ಇದೆ. 1959ರಲ್ಲಿ ಕಾನ್ಪುರದಲ್ಲಿ ಹುಟ್ಟಿ 1961ರಲ್ಲಿ ಬೆಂಗಳೂರಿಗೆ ಬಂದ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ. ಲಘು ಯುದ್ಧವಿಮಾನಕ್ಕೆಂದು 1989ರ ಮಾರ್ಚ್‌ನಲ್ಲಿ ಅದಕ್ಕೆ ಎಂಜಿನ್ ಯೋಜನೆ ಮಂಜೂರಾಯಿತು. ಮೊದಲು ಇಟ್ಟ ಹಣ 382.81 ಕೋಟಿ ರೂಪಾಯಿ, ಕೊಟ್ಟ ಗಡುವು 93 ತಿಂಗಳು. ಎಂಜಿನ್ನಿಗೆ ಕಾವೇರಿ ಎಂದು ಹೆಸರಿಟ್ಟರು. ಬೆಂಕಿ ಉರಿಯುವ ಅದರ ಒಳತಿರುಳಿಗೆ ಕಬಿನಿ ಎಂದರು. ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದನ್ನು ಬಲ್ಲ ಯಾರಿಗಾದರೂ ಆ ಹೆಸರಿಟ್ಟವರ ಮನಸ್ಸು ತಿಳಿಯುತ್ತದೆ. ಕಬಿನಿ 1995ರಲ್ಲಿ ತಿರುಗಿತು, ಕಾವೇರಿ 1996ರಲ್ಲಿ.

ಆಮೇಲಿನದು ಬರೀ ಏರು. ಹೊರಗಿನ ಗಾಳಿಯನ್ನು ಇಪ್ಪತ್ತೊಂದು ಪಟ್ಟಿಗೂ ಮೀರಿ ಒತ್ತಬೇಕು. ಒತ್ತುವ ಅಲಗಿನ ಕೋನ ತುಸು ತಪ್ಪಿದರೂ ಗಾಳಿ ತಿರುಗಿ ಬಿದ್ದು ಮುಂಬಾಗಿಲಿನಿಂದಲೇ ಸಿಡಿಯುತ್ತದೆ. ಆರಿದ್ರಾ ಮಳೆಯ ಗಾಳಿಯಲ್ಲಿ ನೀಲಾಂಜನ ಆರದಂತೆ ಕಾಯುವ ಹಾಗೆ, ಬಿರುಗಾಳಿಗೂ ಮೀರಿದ ಗಾಳಿಯಲ್ಲಿ ಜ್ವಾಲೆಯನ್ನು ಹಿಡಿದು ನಿಲ್ಲಿಸಬೇಕು. ಟರ್ಬೈನಿನ ಬಾಯಲ್ಲಿ ಶಾಖ 1,400 ಡಿಗ್ರಿಯ ಆಸುಪಾಸು. ಇದನ್ನೆಲ್ಲ ಬೇರೆ ದೇಶ ಹೇಳಿಕೊಡುವುದಿಲ್ಲ. ದುಡ್ಡಿಗೆ ಎಂಜಿನ್ ಮಾರುತ್ತಾರೆ, ಅಲಗು ಎರೆಯುವ ಗುಟ್ಟು ಮಾರುವುದಿಲ್ಲ. 1998ರ ಪೋಖ್ರಾನ್ ಪರೀಕ್ಷೆಯ ನಂತರ ನಿರ್ಬಂಧಗಳೂ ಬಿದ್ದವು. ಹೈದರಾಬಾದಿನ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಅಲಗಿನ ಎರಕವನ್ನು ತಾನೇ ಕಲಿಯಬೇಕಾಯಿತು. ಬೇಕಾದ ಮಿಶ್ರಲೋಹಗಳನ್ನು ಮಿಧಾನಿ ಎಂಬ ಸರ್ಕಾರಿ ಕಾರ್ಖಾನೆ ಮಾಡಬೇಕಾಯಿತು.

2001ರ ಜನವರಿ 4ರಂದು ಲಘು ಯುದ್ಧವಿಮಾನ ಬೆಂಗಳೂರಿನ ಆಕಾಶಕ್ಕೆ ಏರಿದ್ದು ಅಮೆರಿಕದ ಎಂಜಿನ್ನಿನ ಮೇಲೆ. 2004ರಲ್ಲಿ ರಷ್ಯಾದ ಎತ್ತರದ ಪರೀಕ್ಷೆಯಲ್ಲಿ ಕಾವೇರಿ ಸೋತಿತು. ಹಿಂಬೆಂಕಿ (ಆಫ್ಟರ್‌ಬರ್ನರ್) ಹೊತ್ತಿಸಿದಾಗ 81 ಕಿಲೋನ್ಯೂಟನ್ ಬರಬೇಕಿದ್ದ ನೂಕುಬಲ 70ರ ಆಸುಪಾಸಿಗೆ ನಿಂತಿತು. 1,100 ಕಿಲೋಗೆ ನಿಲ್ಲಬೇಕಿದ್ದ ತೂಕ 1,235 ಮುಟ್ಟಿತು. 2008ರಲ್ಲಿ ಅದನ್ನು ಲಘು ಯುದ್ಧವಿಮಾನ ತೇಜಸ್‌ನಿಂದ ಬೇರ್ಪಡಿಸಿದರು. ಪತ್ರಿಕೆಗಳಲ್ಲಿ ಟೀಕೆಯ ಸುರಿಮಳೆಯಾಯಿತು. ವೆಚ್ಚ 2,839 ಕೋಟಿಗೆ ಏರಿದ್ದರ ಪ್ರಶ್ನೆಯೂ ಎದ್ದಿತು. ಪ್ರಶ್ನೆ ಕೇಳುವುದು ಸರಿಯೇ, ಅದು ಜನರ ಹಣ. ಆದರೆ ಆ ತಂಡದವರು ಮರುದಿನ ಬೆಳಿಗ್ಗೆ ಮತ್ತೆ ಪರೀಕ್ಷಾ ಕೋಣೆಗೆ ಹೋದದ್ದನ್ನೂ ನಾವು ನೋಡಬೇಕು. 2010ರ ನವೆಂಬರ್‌ನಲ್ಲಿ ಮಾಸ್ಕೋ ಹತ್ತಿರದ ಗ್ರೋಮೋವ್ ಹಾರಾಟ ಸಂಸ್ಥೆಯಲ್ಲಿ ಐಎಲ್-76 ಎಂಬ ದೊಡ್ಡ ವಿಮಾನದ ನಾಲ್ಕು ಎಂಜಿನ್ನುಗಳಲ್ಲಿ ಒಂದನ್ನು ಕಳಚಿ ಕಾವೇರಿಯನ್ನು ಕೂರಿಸಿದರು. ಅದು ಒಂದು ತಾಸಿಗೂ ಹೆಚ್ಚು ಹೊತ್ತು, 6,000 ಮೀಟರ್ ಎತ್ತರದವರೆಗೆ ಉರಿಯಿತು. ನಮ್ಮಲ್ಲೇ ರೂಪುಗೊಂಡ ಯುದ್ಧವಿಮಾನದ ಎಂಜಿನ್ ಆಕಾಶ ಕಂಡದ್ದು ಅದೇ ಮೊದಲು. ಒಟ್ಟು ಒಂಬತ್ತು ಪೂರ್ಣ ಎಂಜಿನ್ನು, ನಾಲ್ಕು ಒಳತಿರುಳು, 3,217 ಗಂಟೆಗಳ ಪರೀಕ್ಷೆ. ಪೈಲಟ್ ಇಲ್ಲದ ಯುದ್ಧವಿಮಾನಕ್ಕೆಂದು ಅದರ ಹೊಸ ರೂಪದ ಕೆಲಸ ನಡೆದಿದೆ. 2021ರ ಏಪ್ರಿಲ್‌ನಲ್ಲಿ ಡಿಎಂಆರ್‌ಎಲ್ ಒಂದೇ ಹರಳಿನ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗೆಂದು ಎಚ್‌ಎಎಲ್ ಕೈಗೆ ಕೊಟ್ಟಿತು. ಎಚ್‌ಎಎಲ್ ತನ್ನದೇ ಎಚ್‌ಟಿಎಫ್‌ಇ-25 ಎಂಬ ಹೊಸ ಎಂಜಿನ್ನನ್ನು ಪರೀಕ್ಷೆಗೆ ಇಳಿಸಿದೆ.

"ಮೂರು ಸಾವಿರ ಗಂಟೆ ಅಂದರೆ ಕಡಿಮೆ ಅಲ್ಲ. ಅದರಲ್ಲಿ ಮುಕ್ಕಾಲು ಪಾಲು ತಪ್ಪು ಎಲ್ಲಿದೆ ಅಂತ ಹುಡುಕಿದ್ದೇ ಇರುತ್ತೆ. ಆ ತಪ್ಪುಗಳೇ ನಮ್ಮ ಆಸ್ತಿ, ದುಡ್ಡು ಕೊಟ್ಟರೂ ಬೇರೆ ಕಡೆ ಸಿಗಲ್ಲ" ಎಂದರು ಭಾವ, ಕಲ್ಲುಸಕ್ಕರೆಯ ಹರಳನ್ನು ಮತ್ತೆ ತಟ್ಟೆಗಿಡುತ್ತಾ.

ಮರುದಿನ ಬೆಳಿಗ್ಗೆ ಅವರ ಸ್ಕೂಟರಿನಲ್ಲಿ ಸವಳಂಗದವರೆಗೆ ಹೋಗಿಬಂದೆವು. ಅಬ್ಬಲಗೆರೆ ದಾಟಿದ ಮೇಲೆ ಎರಡೂ ಬದಿ ಅಡಿಕೆ ತೋಟ, ಮೆಕ್ಕೆಜೋಳದ ಹೊಲ. ಸವಳಂಗದ ಕೆರೆ ತುಂಬಿತ್ತು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂದೇ ಕಾಲಲ್ಲಿ ನಿಂತಿದ್ದವು. ಒಂದು ಹಕ್ಕಿ ಎದ್ದು ಹಾರಿತು, ಶಬ್ದವೇ ಇಲ್ಲ. ನೋಡುತ್ತಾ ನಿಂತಾಗ ಮಾವನ ಮಾತು ಮತ್ತೆ ಕೇಳಿಸಿತು: ಕಾಯಬೇಕು. ಕೈಕಟ್ಟಿ ಕೂರುವ ಕಾಯುವಿಕೆಯಲ್ಲ ಅದು. ತಿದಿ ಒತ್ತುತ್ತಾ, ಬಣ್ಣದ ಮೇಲಿಟ್ಟ ಕಣ್ಣು ಕದಲಿಸದೆ ಕಾಯುವುದು.

ವಾಪಸು ಬರುವಾಗ ಕಾಲೇಜಿನ ಮುಂದಿನ ಚಹಾದಂಗಡಿಯಲ್ಲಿ ನಿಂತೆವು. ಪಕ್ಕದಲ್ಲಿ ಕೊನೆಯ ವರ್ಷದ ನಾಲ್ವರು ಹುಡುಗರು, ಎಲ್ಲರೂ ಮೆಕ್ಯಾನಿಕಲ್. ಮುಂದೇನು ಎಂದು ಕೇಳಿದೆ. ಮೂವರು ಸಾಫ್ಟ್‌ವೇರ್ ಎಂದರು. ನಾಲ್ಕನೆಯವನು ಭದ್ರಾವತಿಯವನು, ಅವನ ಅಜ್ಜ ಕಾರ್ಖಾನೆಯಲ್ಲಿದ್ದವರಂತೆ. "ನಂಗೆ ಲೋಹದ ಕೆಲಸ ಇಷ್ಟ ಸಾರ್. ಆದರೆ ಅದರಲ್ಲಿ ಮುಂದೆ ದಾರಿ ಇದೆಯಾ ಅಂತ ಮನೇಲಿ ಕೇಳ್ತಾರೆ" ಎಂದ. ಭಾವ ಅವನ ಭುಜದ ಮೇಲೆ ಕೈಯಿಟ್ಟು, ನಾಳೆ ಮನೆಗೆ ಬಾ ಎಂದರು.

ದಾರಿ ಇದೆ ಮಗು. ಅದು ಉದ್ದದ ದಾರಿ, ಸುತ್ತಿನ ದಾರಿ. ಹತ್ತು ಸಲ ಅಚ್ಚು ಒಡೆಯುತ್ತದೆ, ಹನ್ನೊಂದನೆಯ ಸಲ ಒಂದು ಹರಳು ಸುರುಳಿ ದಾಟಿ ಮೇಲೆ ಬರುತ್ತದೆ. ಈ ದೇಶಕ್ಕೆ ಅಂಥ ಕೈಗಳು ಬೇಕು. ಆ ಕೈಗಳನ್ನು ತಯಾರು ಮಾಡುವ ಹೊಣೆ ನಿನ್ನೊಬ್ಬನದಲ್ಲ, ನಮ್ಮೆಲ್ಲರದು. ಎರಕದ ಮನೆಗಳನ್ನು ಮುಚ್ಚಲು ಬಿಡದಿರುವುದು, ಪ್ರಯೋಗಾಲಯದ ಸೋಲಿಗೆ ನಗದಿರುವುದು, ಒಂದು ತಲೆಮಾರಿನ ಕಲಿಕೆ ಮುಂದಿನದಕ್ಕೆ ತಲುಪುವವರೆಗೆ ಹಣವನ್ನೂ ತಾಳ್ಮೆಯನ್ನೂ ಕೊಡುವುದು ದೊಡ್ಡವರ ಕೆಲಸ. ಮಾರುತದ ಕಾಲದಲ್ಲಿ ಎಳೆ ತುಂಡಾಗಲು ಬಿಟ್ಟೆವು, ಅದರ ಬೆಲೆಯನ್ನು ಅರವತ್ತು ವರ್ಷ ಕಟ್ಟಿದ್ದೇವೆ. ಕಾವೇರಿಯ ವಿಷಯದಲ್ಲಿ ಹಾಗಾಗುವುದು ಬೇಡ.

ಸವಳಂಗ ರಸ್ತೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದೇ ಕೋರಿಕೆ. ಯಾವ ಕೆಲಸಕ್ಕೆ ಸಹಿ ಹಾಕುವ ಮೊದಲೂ ಒಂದು ದಿನ ಮಾಚೇನಹಳ್ಳಿಯ ಎರಕದ ಕಾರ್ಖಾನೆಯೊಂದಕ್ಕೆ ಹೋಗಿ, ಕರಗಿದ ಲೋಹ ಅಚ್ಚಿಗೆ ಇಳಿಯುವುದನ್ನು ಕಣ್ಣಾರೆ ನೋಡಿ ಬನ್ನಿ.